ಕಾಲುಂಗುರಕ್ಕೆ ಒಂದು ನಂಬರ್ ಹೆಚ್ಚು

ಬೆಳಗಿನ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ತಮ್ಮನ ಹೆಂಡತಿ ಕಮಲಾಳ ಎಡಗಾಲಿನ ಬೂಟು ಖಾನಾಪುರದ ರಸ್ತೆಯ ಮೇಲೆ ಉಳಿಯಿತು. ಕಮಲಾ ಅದರಿಂದ ಹೊರಬಂದು ಮುಂದೆ ಬಿದ್ದಳು. ಪೊಲೀಸ್ ಭರ್ತಿಯ ಓಟಕ್ಕೆ ತಯಾರಾಗುತ್ತಿದ್ದ ಅವಳ ವೇಗ ಅಳೆಯಲು ಗಡಿಯಾರ ಹಿಡಿದು ನಿಂತವಳು ನಾನೇ ಆದ್ದರಿಂದ ಹೊತ್ತು ಇಷ್ಟು ಖಚಿತವಾಗಿ ನೆನಪಿದೆ. ಎದುರಿಗೆ ಬಂದ ಮರಳಿನ ಲಾರಿ ಅವಳ ತಲೆಯಿಂದ ಎರಡು ಮಾರು ದೂರದಲ್ಲಿ ನಿಂತಿತು. ನಾನು ಕೂಗಲಿಲ್ಲ, ಓಡಲಿಲ್ಲ, ಗಡಿಯಾರವನ್ನೇ ನೋಡುತ್ತಿದ್ದೆನಂತೆ.

ನೀವು ಬೂಟನ್ನು ಹೇಗೆ ಆರಿಸುತ್ತೀರೋ ಕಾಣೆ. ಎಂ.ಎ. ಓದಿದ ನಾನು ಆರಿಸಿದ್ದು ಹೀಗೆ. ಇಸವಿ ಎರಡು ಸಾವಿರದ ಆಜುಬಾಜು, ಬೆಳಗಾವಿಯಲ್ಲಿ ನಾವು ಹೊಕ್ಕ ಅಂಗಡಿಯಲ್ಲಿ ಹೆಂಗಸರಿಗೆಂದು ಓಡುವ ಬೂಟೇ ಇರಲಿಲ್ಲ. ಗಂಡಸರದರಲ್ಲೇ ಸಣ್ಣದನ್ನು ಕೊಡುತ್ತಿದ್ದರು. ಮದುವೆಯಾಗಿ ವರ್ಷ ತುಂಬದ ಕಮಲಾ ಕಾಲುಂಗುರ ತೆಗೆಯುವಂತಿರಲಿಲ್ಲ, ಅವು ಬೂಟಿನೊಳಗೆ ಒತ್ತುತ್ತಿದ್ದವು. ಒಂದು ನಂಬರ್ ದೊಡ್ಡದು ಕೊಡಿ ಎಂದವಳು ನಾನು. ಹಿಮ್ಮಡಿ ಸಡಿಲವಾಯಿತೆಂದು ಹಳೆಯ ಸೀರೆಯ ಚೂರು ತುರುಕಿದವಳೂ ನಾನೇ. ಆ ಜಾಣತನಕ್ಕೆ ಎರಡು ದಿನ ನನಗೆ ನಾನೇ ತಲೆದೂಗಿದ್ದೆ.

ಆಮೇಲೆ ಬೆಳಗಾವಿಯ ಮಹಾಂತೇಶ ನಗರದ ನನ್ನ ಮನೆಯಲ್ಲಿ ಕಣ್ಣು ಮುಚ್ಚಿದಾಗಲೆಲ್ಲ ಆ ಲಾರಿ ನಿಲ್ಲುತ್ತಿರಲಿಲ್ಲ, ಬೆಚ್ಚಿ ಏಳುತ್ತಿದ್ದೆ. ಓಟ ಬಿಟ್ಟುಬಿಡು ಎಂದು ಹೇಳಲು ಖಾನಾಪುರದ ತವರುಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಕಮಲಾ ಹೇಳಿದಳು: "ಅಕ್ಕಾರ, ಮೊಣಕಾಲಷ್ಟ ತರಚೈತಿ. ಬಿಡು ಅಂತ ನೀವ ಅನಬ್ಯಾಡ್ರಿ."

ನಮ್ಮವ್ವ ಸಾಬೂನು ನೀರು ತಂದು ಸೊಸೆಯ ಕಾಲುಂಗುರ ಜಾರಿಸಿ ತೆಗೆದಳು. "ನೀ ಓಡೂತನಕ ನನ್ನ ಮುಷ್ಟ್ಯಾಗ ಇರ್ತಾವ. ಕೇಳಿದವರಿಗೆ ನಾ ಹೇಳ್ತೇನಿ."

ದೋಷವೆಲ್ಲ ಉಂಗುರದ್ದೇ ಎಂದುಕೊಂಡೆವು. ಅಂಗಡಿಗೆ ಮರಳಿ ಸಣ್ಣ ನಂಬರ್ ಹಾಕಿ ನೋಡಿದರೆ ಮುಂದೆ ಬೆರಳುಗಳು ಒತ್ತಿಕೊಂಡವು, ಹಿಂದೆ ಹಿಮ್ಮಡಿ ಇನ್ನೂ ಜಾರಿತು. ಕೊನೆಗೆ ಹಳೆಯ ಬೂಟನ್ನೇ ವಡಗಾವಿಯ ಓಣಿಯಲ್ಲಿ ಚಪ್ಪಲಿ ಹೊಲಿಯುವ ಮುದುಕನಲ್ಲಿಗೆ ಒಯ್ದೆವು. ಅವನು ಕಮಲಾಳ ಪಾದವನ್ನು ಕಾಗದದ ಮೇಲೆ ಇರಿಸಿ ಪೆನ್ಸಿಲಿನಿಂದ ಸುತ್ತು ಬರೆದ.

"ಇದನ್ನ ಹೊಲದದ್ದು ಗಂಡಸರ ಕಾಲಿನ ಅಚ್ಚಿನ ಮ್ಯಾಲ್ರಿ, ಬಾಯಾರ. ಈಕಿ ಕಾಲ ಮುಂದ ಅಗಲ, ಹಿಂದ ಸಣ್ಣ. ಗಂಡಸರ ಬೂಟ ಗಿಡ್ಡ ಮಾಡಿದ್ರ ಹೆಣ್ಣಮಕ್ಕಳದ ಆಗತೈತೇನ್ರಿ?"

ಅಟ್ಟೆಯ ಒಳಬದಿ ಹೆಚ್ಚು ಸವೆದದ್ದನ್ನೂ ತೋರಿಸಿದ: ಹೆಂಗಸರ ಸೊಂಟ ಅಗಲವಾದ್ದರಿಂದ ಕಾಲು ಮೊಣಕಾಲಿಗೆ ಓರೆಯಾಗಿ ಇಳಿಯುತ್ತದೆ, ಇವಳ ಪಾದ ಒಳಕ್ಕೆ ವಾಲುತ್ತದೆ. ಎಷ್ಟೋ ವರ್ಷ ಪುಸ್ತಕಗಳಲ್ಲಿ ಹೆಣ್ಣಿನ ಸ್ಥಾನಮಾನ ಓದಿದ ನಾನು ಹೆಣ್ಣಿನ ಹಿಮ್ಮಡಿಯನ್ನು ಒಮ್ಮೆಯೂ ನೋಡಿರಲಿಲ್ಲ. ಸರಿಹೋಗದ ವಸ್ತುವಿಗೆ ನಾವೇ ಚಿಂದಿ ತುರುಕಿ ಹೊಂದಿಕೊಳ್ಳುವುದು ಎಷ್ಟು ಹಳೆಯ ಅಭ್ಯಾಸವೆಂದರೆ, ತಪ್ಪು ಕಾಲಿನದಲ್ಲ ಎಂದು ತಿಳಿಯಲು ಒಂದು ಲಾರಿ ಬರಬೇಕಾಯಿತು. ಮುದುಕ ಹಿಮ್ಮಡಿಯ ಎರಡೂ ಬದಿಗೆ ಮೆತ್ತನೆಯ ಚರ್ಮ ಹೊಲಿದ. ಒಳಬದಿಯ ಅಟ್ಟೆ ತುಸು ಎತ್ತರಿಸಿದ.

ಭರ್ತಿಯ ದಿನ ಮೈದಾನದಲ್ಲಿ ಜನರೆಲ್ಲ ಯಾರು ಮುಂದಿದ್ದಾರೆಂದು ನೋಡುತ್ತಿದ್ದರು; ನಾನು ಅವಳ ಹಿಮ್ಮಡಿಯನ್ನೇ ನೋಡಿದೆ. ಕೊನೆಯ ಗೆರೆಯವರೆಗೂ ಅದು ಬೂಟಿನೊಳಗೇ ಇತ್ತು. ಓಟದಲ್ಲಿ ಪಾಸಾದವರ ಸಾಲಿನಿಂದ ಬಂದ ಸೊಸೆಯನ್ನು ನಮ್ಮವ್ವ ಹುಲ್ಲಿನ ಮೇಲೆ ಕೂರಿಸಿ, ಬೆವೆತ ಮುಷ್ಟಿ ಬಿಚ್ಚಿ, ಕಾಲ್ಬೆರಳಿಗೆ ಉಂಗುರ ಏರಿಸಿದಳು.

ಅದು ಗುರುವಾರ. ಅಂದು ರಾತ್ರಿ ನನ್ನ ಕಣ್ಣೊಳಗೆ ಲಾರಿ ಬರಲಿಲ್ಲ; ಕಣ್ಣು ಬಿಟ್ಟಾಗ ಶುಕ್ರವಾರದ ಬಿಸಿಲು ಹಾಸಿಗೆಯ ಮೇಲಿತ್ತು.