ಬಿಳಿಗೆ ಎಷ್ಟು ಹನಿ ಹಳದಿ

ಚನ್ನಗಿರಿಯಲ್ಲಿ ಕಾರಿಗೆ ಬಣ್ಣ ಹೊಡೆಯುವವರು ಐದಾರು ಜನ ಇದ್ದಾರೆ. ಆದರೂ ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರು ಗಾಡಿ ಗೀಚಿಸಿಕೊಂಡರೆ ಆ ಐದಾರು ಶೆಡ್ಡು ದಾಟಿಕೊಂಡು ಬಸವಾಪಟ್ಟಣ ರಸ್ತೆಯಲ್ಲಿರುವ ತಿಪ್ಪೇರುದ್ರನ ಶೆಡ್ಡಿಗೇ ಬರುತ್ತಾರೆ. ಕಾರಣ ಅವನ ಕಣ್ಣು. ಹತ್ತು ವರ್ಷ ಬಿಸಿಲಲ್ಲಿ ಬೆಂದ ಕಾರಿಗೆ ಡಬ್ಬದ ಹೊಸ ಬಣ್ಣ ಹೊಂದುವುದಿಲ್ಲ. ಹಳೇ ಅಂಗಿಗೆ ಹೊಸ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತದೆ. ದಾವಣಗೆರೆಯ ದೊಡ್ಡ ವರ್ಕ್‌ಶಾಪುಗಳಲ್ಲಿ ಬಣ್ಣ ಹೊಂದಿಸುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ತಿಪ್ಪೇರುದ್ರ ಚಮಚದಲ್ಲಿ ಮಾಡುತ್ತಾನೆ. ಬಿಳಿಗೆ ಇಷ್ಟು ಹನಿ ಕಪ್ಪು, ಇಷ್ಟು ಹನಿ ಹಳದಿ ಬಿಟ್ಟು ಕಲಸಿ, ಚಮಚವನ್ನು ಕಾರಿನ ಮೈಗೆ ಹಿಡಿದು ಬೆಳಗಿನ ಬಿಸಿಲಲ್ಲಿ ನೋಡುತ್ತಾನೆ. ಮುಗಿಯಿತು, ಆಮೇಲೆ ಎಲ್ಲಿ ಹೊಡೆದಿದ್ದು ಎಂದು ಕಾರಿನ ಯಜಮಾನನೇ ಹುಡುಕಬೇಕು.

ಹುಟ್ಟಿದ್ದು ಬಿಳಿಚೋಡಿನ ಕುರಿ ಸಾಕುವ ಮನೆಯಲ್ಲಿ. ನೂರು ಕುರಿ ಸೇರಿದ ಮಂದೆಯಲ್ಲಿ ತಮ್ಮದು ಯಾವುದೆಂದು ದೂರದಿಂದಲೇ ಹೇಳುತ್ತಿದ್ದ ಅಪ್ಪ ಅಂಜಿನಪ್ಪನಿಂದ ಈ ಕಣ್ಣು ಬಂತು ಎಂದು ಅವನ ನಂಬಿಕೆ. ಹದಿನಾರಕ್ಕೆ ದಾವಣಗೆರೆಯ ಉಸ್ತಾದರೊಬ್ಬರ ಹತ್ತಿರ ಸೇರಿ ಎರಡು ವರ್ಷ ಬರೀ ವಾಟರ್ ಪೇಪರ್ ಹಿಡಿದು ಹಳೇ ಬಣ್ಣ ಉಜ್ಜಿದ. ಆಮೇಲೂ ಉಜ್ಜುವುದು ನಿಲ್ಲಲಿಲ್ಲ. ಬೆರಳಿನ ಗೆರೆಗಳೆಲ್ಲ ಸವೆದು, ರೇಷನ್ ಅಂಗಡಿಯ ಯಂತ್ರ ಇವತ್ತಿಗೂ ಇವನ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಹೆಂಡತಿ ಲಕ್ಷ್ಮೀದೇವಿಯ ಹೆಬ್ಬೆಟ್ಟಿನಿಂದಲೇ ಮನೆಗೆ ಅಕ್ಕಿ ಬರಬೇಕು. "ನಾನಿಲ್ದಿದ್ರೆ ಉಪವಾಸನೇ ನೀವು" ಎಂದು ಅವಳು ತಿಂಗಳಿಗೊಮ್ಮೆ ತಪ್ಪದೆ ಹೇಳುತ್ತಾಳೆ.

ಶೆಡ್ಡಿನಲ್ಲಿ ತಗಡಿನ ಕೆಲಸ ಜಂಪಣ್ಣನದು. ಗುಂಡಿ ಬಿದ್ದ ಬಾಗಿಲನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಸಮ ಮಾಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವನು, ಮಾತಿನಲ್ಲಿ ಇನ್ನೂ ಚಿಕ್ಕವನು. ಹದಿನೆಂಟು ವರ್ಷದ ಜೊತೆಯಲ್ಲಿ ತಿಪ್ಪೇರುದ್ರನಿಗೆ ಒಂದು ಸಲವೂ ಎದುರಾಡಿದವನಲ್ಲ.

ಹೀಗೆ ಎಲ್ಲ ಸುಸೂತ್ರವಾಗಿದ್ದಾಗ ಹೊನ್ನಾಳಿಯ ಅನ್ನಪೂರ್ಣಮ್ಮ ಬಂದರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ತಮ್ಮ ಬಿಳಿ ಕಾರನ್ನು ತಾವೇ ಓಡಿಸುವವರು. ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರೊಂದು ಎಡಗಡೆ ಬಾಗಿಲು ಸವರಿಕೊಂಡು ಹೋಗಿತ್ತು. ಜಂಪಣ್ಣ ತಟ್ಟಿದ, ತಿಪ್ಪೇರುದ್ರ ಬಣ್ಣ ಹೊಡೆದ. ನಾಲ್ಕನೇ ದಿನ ಕಾರು ಒಯ್ಯಲು ಬಂದ ಅನ್ನಪೂರ್ಣಮ್ಮ ಕನ್ನಡಕ ಸರಿಮಾಡಿಕೊಂಡು ಬಾಗಿಲು ನೋಡಿದರು.

"ಉಳಿದ ಮೂರು ಬಾಗಿಲು ಬಿಳಿ ಅದಾವೆ. ಇದೊಂದಕ್ಕೆ ತುಪ್ಪ ಸವರಿದಂಗೈತಲ್ರೀ ತಿಪ್ಪೇರುದ್ರಪ್ಪ?"

ತಿಪ್ಪೇರುದ್ರನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. "ಹಳೇ ಬಣ್ಣಕ್ಕೆ ಹೊಂದಿಸಾಕೆ ಒಂದೆರಡು ಹನಿ ಹಳದಿ ಬೇಕೇ ಬೇಕು ಟೀಚರಮ್ಮಾರೆ. ನಲವತ್ತು ವರ್ಷದ ಕೈ ಇದು."

"ಕೈ ಚೆನ್ನಾಗೈತೆ. ಬಣ್ಣ ತಪ್ಪಾಗೈತೆ."

"ಜಂಪಣ್ಣಾ! ಬಾರಪ್ಪ ಇಲ್ಲಿ. ನೋಡಿ ಹೇಳು."

ಜಂಪಣ್ಣ ಬಂದ. ಬಾಗಿಲನ್ನು ಬಿಟ್ಟು ಬೇರೆಲ್ಲ ನೋಡಿದ. "ಚೆನ್ನಾಗೈತಣ್ಣ" ಎಂದ.

"ಚೆನ್ನಾಗೈತಾ ಅಂತ ಕೇಳಲಿಲ್ಲ. ಬಿಳಿ ಐತಾ?" ಅನ್ನಪೂರ್ಣಮ್ಮ ಕೇಳಿದ ರೀತಿ ನಕಲು ಹೊಡೆದು ಸಿಕ್ಕಿಬಿದ್ದವರನ್ನು ಕೇಳುವ ರೀತಿ. ಅದರ ಮುಂದೆ ಜಂಪಣ್ಣನಿಗೆ ತಡೆಯಲಾಗಲಿಲ್ಲ.

"ಬಿಳಿ ಇಲ್ಲಣ್ಣ. ಎರಡು ವರ್ಷದಿಂದ ಯಾವುದೂ ಬಿಳಿ ಇಲ್ಲ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಎಲ್ಲರಿಗೂ ಗೊತ್ತು. ತಿಪ್ಪೇರುದ್ರನ ಕಣ್ಣು ಗಾದೆಯನ್ನೇ ತಿರುಗಿಸಿ ಹಾಕಿತ್ತು. ಪೊರೆ ಬೆಳೆದು ಹಳದಿ ಯಾವುದು, ಬಿಳಿ ಯಾವುದು ಎಂಬ ವ್ಯತ್ಯಾಸವೇ ಕಾಣದಾಗಿ, ಪಾಪ, ಸಾಲದೆಂದು ಹನಿಯ ಮೇಲೆ ಹನಿ ಹಳದಿ ಬಿಡುತ್ತಿದ್ದ. ಊರಿಗೆಲ್ಲ ಗೊತ್ತಿತ್ತು, ಅವನಿಗೊಬ್ಬನಿಗೆ ಇಲ್ಲ. ಅವನಿಗೆ ಹೇಳಿ ಅವನ ಮುಖ ಸಣ್ಣದು ಮಾಡುವುದು ಯಾಕೆ ಎಂದು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಎಲ್ಲರ ಮೊದಲ ಗಾಡಿಗೂ ಬಣ್ಣ ಹೊಡೆದ ಕೈ ಅದು. ಹಾಗಾಗಿ ಕೆಲವರು ಹಳದಿಗೆ ತಿರುಗಿದ ಬಾಗಿಲಿನ ಮೇಲೆ ದೊಡ್ಡದಾಗಿ ಮನೆದೇವರ ಹೆಸರು ಅಂಟಿಸಿಕೊಂಡರು. ಕೆಲವರು ಗಾಡಿ ತೊಳೆಯುವುದನ್ನೇ ಬಿಟ್ಟರು. ಇಂಥ ಒಳ್ಳೆಯತನಕ್ಕೆ ಬೆಂಕಿ ಹಾಕ! ಒಬ್ಬನಾದರೂ ಮೊದಲೇ ಹೇಳಿದ್ದರೆ ಎರಡು ವರ್ಷದ ಬಣ್ಣ ಉಳಿಯುತ್ತಿತ್ತು.

ತಿಪ್ಪೇರುದ್ರ ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಆಸ್ಪತ್ರೆಗೆ ಹೋಗಲು ಸುತರಾಂ ಒಪ್ಪಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಪೇಂಟರಿಗೆ ಯಾರು ಕಾರು ಕೊಡುತ್ತಾರೆ? ಆಪರೇಷನ್ ಆದ ಮೇಲೂ ಬಣ್ಣ ತಿಳಿಯದೇ ಹೋದರೆ? ಅವನಿಗೆ ಬೇರೆ ಯಾವ ಕೆಲಸವೂ ಬಾರದು. ಆ ಕಣ್ಣೊಂದೇ ಅವನ ಹೆಸರು, ಅವನ ಅನ್ನ. ಅದು ಹೋಯಿತು ಎಂದರೆ ತಾನು ಯಾರೆಂದು ಅವನಿಗೇ ಗೊತ್ತಾಗಲಿಲ್ಲ. ಅವನು ನಿಜವಾಗಿ ಹೆದರಿದ್ದ.

"ಕಣ್ಣು ಹೋದ ಪೇಂಟರ್ ಅನ್ನಿಸ್ಕೊಳ್ಳೋದು ಬ್ಯಾಡ ಅಂತ ಕಣ್ಣನ್ನೇ ಕಳ್ಕಂತೀರೇನು?" ಎಂದು ಲಕ್ಷ್ಮೀದೇವಿ ಮೂರು ದಿನ ಕೇಳಿದಳು. ನಾಲ್ಕನೇ ದಿನ ಅವನೇ ಎದ್ದು ಅಂಗಿ ಹಾಕಿಕೊಂಡ.

ಶಿವಮೊಗ್ಗದಲ್ಲಿ ಬಲಗಣ್ಣಿಗೆ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಅವನು ಮೊದಲು ಕೇಳಿದ್ದು, "ಈ ಗೋಡೆ ಯಾಕ್ರೀ ಇಷ್ಟು ಬೆಳ್ಳಗೈತೆ?" ಎಂದು. ನರ್ಸಮ್ಮ ನಕ್ಕಳು. ಅವನು ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಎಡಗಣ್ಣಿಗೆ ಗೋಡೆ ಕಾಸಿದ ತುಪ್ಪ. ಬಲಗಣ್ಣಿಗೆ ಕರೆದ ಹಾಲು.

ಗಂಡ ಹೆಂಡತಿಯನ್ನು ಕರೆದುಕೊಂಡು ಹೋಗಲು ಅನ್ನಪೂರ್ಣಮ್ಮನೇ ಕಾರು ತಂದಿದ್ದರು. ತಿಪ್ಪೇರುದ್ರ ಹತ್ತುವ ಮೊದಲು ಎಡಗಡೆ ಬಾಗಿಲ ಮುಂದೆ ನಿಂತ. ಎಡಗಣ್ಣು ಮುಚ್ಚಿಕೊಂಡು ನೋಡಿದ.

"ಟೀಚರಮ್ಮಾರೆ, ತುಪ್ಪ ಅಂತ ನೀವು ಮರ್ಯಾದೆಗೆ ಹೇಳಿದ್ರಿ. ಇದು ಅರಿಶಿನ."

ಊಟ ಮುಗಿಸಿಕೊಂಡು ಹೋಗಲೆಂದು ಅನ್ನಪೂರ್ಣಮ್ಮ ಕಾರನ್ನು ಮೊದಲು ಹೊನ್ನಾಳಿ ಕಡೆ ತಿರುಗಿಸಿದರು. ದಾರಿಯಲ್ಲಿ, ನ್ಯಾಮತಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬಿಳಿ ಜೀಪು ಗೋಡೆಗೆ ಅಂಟಿಸಿದ ಹಾಗೆ ನಿಂತಿತ್ತು. ಅದು ಮಹೇಶ್ವರಪ್ಪನ ಬಾಡಿಗೆ ಜೀಪು. ಹೋದ ವರ್ಷ ಬಲಗಡೆಗೆ ಬಣ್ಣ ಹೊಡೆದವನು ತಿಪ್ಪೇರುದ್ರ. ಬಲಗಡೆಯೇ ಗೋಡೆಯ ಕಡೆಗಿತ್ತು, ನಡುವೆ ಒಬ್ಬಿಬ್ಬರು ನುಸುಳುವಷ್ಟೇ ಸಂದು. ಕಾರು ನಿಲ್ಲಿಸಲು ಹೇಳಿ ಅವನು ಇಳಿದು ಆ ಸಂದಿಯ ಕಡೆ ನಡೆದ. ಹೋಟೆಲಿನಿಂದ ಮಹೇಶ್ವರಪ್ಪ ಓಡಿಬಂದವನೇ ಸಂದಿಗೆ ನುಗ್ಗಿ, ಹೆಗಲ ಟವೆಲ್ಲನ್ನು ಜೀಪಿನ ಬಾಗಿಲ ಮೇಲೆ ಇಳಿಬಿಟ್ಟು, ಅದಕ್ಕೆ ಬೆನ್ನು ಕೊಟ್ಟು ನಿಂತ.

"ಏನಪ್ಪಾ ತಿಪ್ಪೇರುದ್ರಪ್ಪ, ಕಣ್ಣು ಹೆಂಗೈತೆ ಈಗ?"

"ಟವೆಲ್ ತೆಗಿ. ಹೆಂಗೈತೆ ಅಂತ ಹೇಳ್ತೀನಿ."

ಮಹೇಶ್ವರಪ್ಪ ತೆಗೆದ. ಇಬ್ಬರೂ ಬಾಗಿಲು ನೋಡಿದರು. ತಿಪ್ಪೇರುದ್ರನಿಗೆ ನಾಚಿಕೆಯಾಯಿತು. ಒಂದು ವರ್ಷ ಪೂರಾ ಈ ಮನುಷ್ಯ ತನ್ನ ಮಾನ ಮುಚ್ಚಲು ಜೀಪಿಗೆ ಗೋಡೆ ಹುಡುಕಿಕೊಂಡು ತಿರುಗಿದ್ದಾನೆ. ಆದರೆ ಮಹೇಶ್ವರಪ್ಪನ ಮುಖ ನೋಡುತ್ತಿದ್ದ ಹಾಗೆ ಅವನಿಗೆ ನಗು ಉಕ್ಕಿತು, ಮಹೇಶ್ವರಪ್ಪನಿಗೂ ಉಕ್ಕಿತು. ಕಣ್ಣಿಗೆ ನೀರು ಬರಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಲಕ್ಷ್ಮೀದೇವಿ ಕಾರಿನೊಳಗಿಂದ ಕೂಗಿದಳು.

ಒಂದು ತಿಂಗಳು ಧೂಳಿಗೆ ಹೋಗುವಂತಿಲ್ಲ ಎಂದಿದ್ದರು ಡಾಕ್ಟರು. ಆ ತಿಂಗಳೆಲ್ಲ ತಿಪ್ಪೇರುದ್ರ ಫೋನು ಹಿಡಿದು ಕೂತ. "ಎರಡು ವರ್ಷದಲ್ಲಿ ನನ್ನ ಹತ್ರ ಬಿಳಿ ಹೊಡೆಸಿದೋರೆಲ್ಲ ಗಾಡಿ ತಗಂಡು ಬರ್ರಿ. ನನ್ನ ತಪ್ಪು, ನಾನೇ ತಿದ್ದಿಕೊಡ್ತೀನಿ" ಎಂದು ಎಲ್ಲರಿಗೂ ಹೇಳಿದ. ಸೂಳೆಕೆರೆಯ ಮೀನು ಸಾಗಿಸುವ ವ್ಯಾನಿನವನು, "ಇರ್ಲಿ ಬಿಡಣ್ಣ, ಮೀನಿಗೇನು ಬಣ್ಣ ತಿಳಿತೈತಾ?" ಎಂದ. ಅವನಿಗೂ ಬೈದು ಕರೆಸಿದ.

ತಿಂಗಳು ಕಳೆದ ಮೇಲೆ ಮೊದಲ ಕೆಲಸ ಅನ್ನಪೂರ್ಣಮ್ಮನ ಬಾಗಿಲು. ಸುತ್ತಲೂ ಏಳೆಂಟು ಜನ ತಮ್ಮ ಸರದಿಗೆ ಕಾಯುತ್ತಿದ್ದರು. ಎಲ್ಲರ ಎದುರು ತಿಪ್ಪೇರುದ್ರ ಬಣ್ಣ ಕಲಸಿದ. ಹಳದಿಯ ಡಬ್ಬಿಯನ್ನು ಮುಟ್ಟಲೇ ಇಲ್ಲ. ಅದನ್ನು ಕಂಡರೆ ಅವನಿಗೆ ಈಗ ಹಾವು ಕಂಡಷ್ಟು ಭಯ. ಚಮಚ ಕಾರಿಗೆ ಹಿಡಿದ. ಒಂದು ಕಣ್ಣು ಒಂದು ಹೇಳಿತು, ಇನ್ನೊಂದು ಕಣ್ಣು ಇನ್ನೊಂದು ಹೇಳಿತು.

"ಸರಿ ಐತಲ್ಲ?" ಎಂದು ಕೇಳಿದ. ಕಾಯುತ್ತಿದ್ದವರೆಲ್ಲ ಒಟ್ಟಿಗೇ, "ಭಾಳ ಸರಿ ಐತೆ!" ಎಂದರು. ಬುದ್ಧಿ ಎಲ್ಲಿ ಬರುತ್ತದೆ ಆ ಜನಕ್ಕೆ!

"ಇಲ್ಲ."

ಹೇಳಿದವನು ಜಂಪಣ್ಣ. ಎಲ್ಲರೂ ಅವನ ಕಡೆ ತಿರುಗಿದರು. ಅವನು ಸುತ್ತಿಗೆ ಹಿಡಿದುಕೊಂಡೇ ಮುಂದೆ ಬಂದ. "ಸರಿ ಇಲ್ಲಣ್ಣ. ಹಸಿ ಬಿಳಿ ಆಗೈತೆ. ಒಂದು ಹನಿ ಹಳದಿ ಬೇಕು. ಒಂದೇ ಹನಿ."

ತಿಪ್ಪೇರುದ್ರ ಎಡಗಣ್ಣು ಮುಚ್ಚಿ, ಬಲಗಣ್ಣೊಂದರಲ್ಲೇ ಮತ್ತೆ ನೋಡಿದ. ಜಂಪಣ್ಣ ಹೇಳಿದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದು ತನಗೂ ಕಾಣುತ್ತಿದೆ ಎಂದು ತಿಳಿದ ಆ ಕ್ಷಣ ಅವನ ಎದೆಯ ಭಾರ ಇಳಿಯಿತು. ಕಣ್ಣು ಮರಳಿ ಬಂದಿತ್ತು. ಜೊತೆಗೆ, ಸುಳ್ಳು ಹೇಳದ ಗೆಳೆಯನೊಬ್ಬನೂ ಸಿಕ್ಕಿದ್ದ. ಒಂದೇ ಹನಿ ಬಿಟ್ಟ. ಕಲಸಿ ಚಮಚ ಹಿಡಿದ. ಎಲ್ಲಿ ಚಮಚ, ಎಲ್ಲಿ ಕಾರು ಎಂದು ತಿಳಿಯಲಿಲ್ಲ. ಅನ್ನಪೂರ್ಣಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ನೂರಕ್ಕೆ ನೂರು" ಎಂದರು.

ತಿಪ್ಪೇರುದ್ರ ಜಂಪಣ್ಣನ ಹೆಗಲ ಮೇಲೆ ಕೈಯಿಟ್ಟ. "ಇನ್ನೂ ಏನಾರ ಹೇಳಾಕೆ ಐತೇನಪ್ಪ?"

ಜಂಪಣ್ಣ ಸುತ್ತಿಗೆ ಕೆಳಗಿಟ್ಟು, ಸ್ಟೂಲು ಎಳೆದ.

"ಭಾಳ ಐತಣ್ಣ. ಕುಂತ್ಕಳ್ರಿ. ಹದಿನೆಂಟು ವರ್ಷದ್ದೈತೆ."