ಬೀಳುವ ನಟ ಖಫ್ಜಿಗೆ ಬಂದದ್ದು

ಸೌದಿಯಲ್ಲಿ ಆಗ ಸಿನಿಮಾ ಟಾಕೀಸು ಇರಲಿಲ್ಲ. ಆದರೂ ಎಂಬತ್ತರ ದಶಕದಲ್ಲಿ ಅಲ್ ಖಫ್ಜಿಯ ನಮ್ಮ ಕ್ಯಾಂಪಿನವರಿಗೆ ಒಬ್ಬ ಹೀರೋ ಇದ್ದ. ಅಮೆರಿಕದವನು, ಎತ್ತರದ ಆಳು, ಕೆಂಪು ಮುಖ, ಗಲ್ಲದ ನಡುವೆ ಒಂದು ಗುಳಿ. ಅವನ ಹೆಸರು ನಮಗೆ ಗೊತ್ತಿರಲಿಲ್ಲ, ಏಕೆಂದರೆ ಅವನ ಚಿತ್ರಗಳಲ್ಲಿ ನಟರ ಹೆಸರು ಹಾಕುವ ಕ್ರಮವೇ ಇರಲಿಲ್ಲ. ಅವು ತೈಲ ಕಂಪನಿಯವರು ಕೆಲಸಗಾರರಿಗೆ ತೋರಿಸುತ್ತಿದ್ದ ಸೇಫ್ಟಿ ಚಿತ್ರಗಳು. ಶುರುವಿನಲ್ಲಿ ಅವನು ಸೀಟಿ ಹಾಕುತ್ತಾ ಕೆಲಸಕ್ಕೆ ಬರುತ್ತಿದ್ದ, ನಡುವೆ ಒಂದು ಮೂರ್ಖತನ ಮಾಡುತ್ತಿದ್ದ, ಕೊನೆಯಲ್ಲಿ ಆಂಬುಲೆನ್ಸ್ ಬರುತ್ತಿತ್ತು.

ನಾನು ಸೇಫ್ಟಿ ವಿಭಾಗದ ಟೈಪಿಸ್ಟ್, ಕರಾವಳಿಯ ಕ್ರಿಸ್ತಿಯನ್, ಊರಿನವರ ಬಾಯಲ್ಲಿ ‘ಪೊರ್ಬು’. ತಿಂಗಳಿಗೊಮ್ಮೆ ಮಧ್ಯಾಹ್ನದ ಊಟದ ನಂತರ ಕ್ಯಾಂಟೀನಿನ ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ ಪ್ರೊಜೆಕ್ಟರ್ ಓಡಿಸುವುದು ನನ್ನ ಕೆಲಸ. ಚಿತ್ರ ಇಂಗ್ಲಿಷಿನಲ್ಲಿ, ನೋಡುವವರು ಮಂಗಳೂರು, ಉಡುಪಿ, ಕಾಸರಗೋಡು ಕಡೆಯವರು. ಆದ್ದರಿಂದ ನಮ್ಮ ಸೇಫ್ಟಿ ಸಾಹೇಬ, ಅವನೂ ಅಮೆರಿಕದವನೇ, ನನಗೆ ಹೇಳಿದ್ದ: ಪಕ್ಕದಲ್ಲಿ ನಿಂತು ಸಂಕ್ಷಿಪ್ತವಾಗಿ ಅರ್ಥ ಹೇಳು. ಸಂಕ್ಷಿಪ್ತ ಎನ್ನುವುದು ನನ್ನ ಜಾಯಮಾನದಲ್ಲಿಲ್ಲ. ಆ ಹೀರೋ ಏಣಿಯ ಮೊದಲ ಮೆಟ್ಟಿಲು ಹತ್ತುವುದರೊಳಗೆ ನಾನು ಅವನ ಮನೆ, ಮಠ, ಹೆಂಡತಿ ಬೆಳಿಗ್ಗೆ ಬೈದದ್ದು ಎಲ್ಲ ಮುಗಿಸಿರುತ್ತಿದ್ದೆ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರಿಗೆ ಸಿಗುವ ಮರ್ಯಾದೆ ನನಗೂ ಸಿಗತೊಡಗಿತು. ಊಟದ ಸಾಲಿನಲ್ಲಿ ನನ್ನ ತಟ್ಟೆಗೆ ಮೀನಿನ ದೊಡ್ಡ ತುಂಡು ಬೀಳುತ್ತಿತ್ತು.

ಮೊದಲ ಚಿತ್ರದಲ್ಲಿ ಅವನ ಉಂಗುರ ಯಂತ್ರಕ್ಕೆ ಸಿಕ್ಕಿ ಬೆರಳು ಹೋಯಿತು. ಎರಡನೆಯದರಲ್ಲಿ ಮುಖವಾಡ ಹಾಕದೆ ಗ್ಯಾಸಿನ ಟ್ಯಾಂಕಿಗೆ ಇಳಿದು ಸತ್ತೇಹೋದ. ಅವನಿಗೆ ಬಿಳಿ ಬಟ್ಟೆ ಹೊದಿಸಿದರು. ಮರುತಿಂಗಳು ಅದೇ ಮನುಷ್ಯ ಸೀಟಿ ಹಾಕುತ್ತಾ ಫೋರ್ಕ್‌ಲಿಫ್ಟ್ ಓಡಿಸಿಕೊಂಡು ಬಂದ. ಸ್ಟಿಯರಿಂಗಿನ ಮೇಲೆ ಬೆರಳುಗಳೆಲ್ಲ ಸರಿಯಾಗಿದ್ದವು.

“ಪೊರ್ಬುಗಳೇ,” ಎಂದು ಮುಂದಿನ ಬೆಂಚಿನಿಂದ, ನಾವೆಲ್ಲ ಕಾಕ ಎನ್ನುತ್ತಿದ್ದ ಮುದುಕರು ಕೇಳಿದರು. “ಇವ ಹೋದ ತಿಂಗಳು ತೀರಿಹೋದದ್ದಲ್ವಾ?”

“ಇದು ಅದಕ್ಕಿಂತ ಮೊದಲಿನ ಕತೆ, ಕಾಕ.”

“ಬೆರಳು?”

“ಅದಕ್ಕಿಂತಲೂ ಮೊದಲಿನದ್ದು.”

“ಮತ್ತೆ ತಲೆಕೂದಲು ಆಗಿನದಕ್ಕಿಂತ ಹೆಚ್ಚು ಬೆಳ್ಳಗೆ ಉಂಟಲ್ಲ ಮಾರಾಯ್ರೆ.”

“ಚಿಂತೆಯಿಂದ,” ಎಂದೆ. ಕಾಕ ತಲೆಯಾಡಿಸಿದರು. ಚಿಂತೆಯ ವಿಷಯ ಆ ಕ್ಯಾಂಟೀನಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇದೆಲ್ಲ ನಟನೆ ಎಂದು ಗೊತ್ತಿಲ್ಲದ ದಡ್ಡರೇನೂ ನಾವಲ್ಲ. ಊರಿನಲ್ಲಿ ರಾತ್ರಿ ಯಕ್ಷಗಾನದ ಆಟ ನೋಡಿ ಕಣ್ಣೊರೆಸಿಕೊಳ್ಳುವವರು ಬೆಳಿಗ್ಗೆ ಅದೇ ವೇಷದವರನ್ನು ಕರೆದು ಚಹಾ ಕೊಡುತ್ತಾರೆ. ಹಾಗೆಯೇ ನಮ್ಮದು. ಅವನು ಏಣಿಗೆ ಕೈ ಹಾಕಿದ ಕೂಡಲೇ ಹಿಂದಿನ ಸಾಲಿನಿಂದ “ಬೇಡ ಮಾರಾಯ, ಬೇಡ” ಎಂದು ಕೂಗುತ್ತಿದ್ದರು. ಅವನು ಒಮ್ಮೆಯೂ ಕೇಳಲಿಲ್ಲ.

ಇದರ ಮೇಲೆ ಸಂಜೆಗೆ ಮುಂಚಿನ ಅಸರ್ ನಮಾಜಿನ ಹೊತ್ತು ಬೇರೆ. ಚಿತ್ರ ಶುರುವಾಗುವುದೇ ತಡವಾಗಿ, ಬಾಂಗ್ ಕೇಳುವ ಹೊತ್ತಿಗೆ ಸರಿಯಾಗಿ ಅವನು ಎಲ್ಲಾದರೂ ನೇತಾಡುತ್ತಿರುತ್ತಿದ್ದ. ನಾನು ಪ್ರೊಜೆಕ್ಟರ್ ಆರಿಸಬೇಕು. ಜನ ಎದ್ದು ಮಸೀದಿಗೆ ಹೋಗುತ್ತಿದ್ದರು, ನಾವು ಉಳಿದ ನಾಲ್ಕಾರು ಮಂದಿ ಬರೀ ಬೆಡ್‌ಶೀಟು ನೋಡುತ್ತಾ ಕೂರುತ್ತಿದ್ದೆವು. ಒಮ್ಮೆ ಕಾಕ ವಾಪಸು ಬಂದವರು ನನ್ನ ಕಿವಿಯ ಹತ್ತಿರ ಬಾಗಿ, “ಅವನಿಗೂ ಒಂದು ದುವಾ ಮಾಡಿ ಬಂದಿದ್ದೇನೆ, ಈಗ ಹಾಕಿ” ಎಂದರು. ಹಾಕಿದೆ. ಬಿದ್ದ. ಕಾಕ ನನ್ನನ್ನೇ ನೋಡಿದರು, ನಾನೇ ತಳ್ಳಿದ ಹಾಗೆ.

ಈ ಕಾಕ ಉಳ್ಳಾಲದ ಕಡೆಯ ಬ್ಯಾರಿ, ಕ್ಯಾಂಪಿಗೆಲ್ಲ ಹಿರಿಯರು. ಟ್ಯಾಂಕುಗಳ ಸುತ್ತ ಕಬ್ಬಿಣದ ಕೊಳವೆಗಳನ್ನು ಜೋಡಿಸಿ ಅಟ್ಟಳಿಗೆ ಕಟ್ಟುವವರ ಮುಖ್ಯಸ್ಥ. ಅವರು ಕಟ್ಟಿದ ಅಟ್ಟಳಿಗೆ ಅಲುಗಾಡಿದ್ದನ್ನು ಯಾರೂ ಕಂಡಿಲ್ಲ. ಆದರೆ ಅದರ ಮೇಲೆ ಅವರು ಓಡಾಡುವುದನ್ನು ನೋಡಿದರೆ ನಮಗೆ ಕೆಳಗೆ ತಲೆ ತಿರುಗುತ್ತಿತ್ತು. ಸೇಫ್ಟಿ ಬೆಲ್ಟಿನ ಹುಕ್ಕನ್ನು ಕೊಳವೆಗೆ ಸಿಕ್ಕಿಸುವುದು ಅವರಿಗೆ ಆಗದ ಮಾತು. “ನಾನು ತೆಂಗಿನಮರ ಹತ್ತುವಾಗ ಈ ಸಾಹೇಬ ಹುಟ್ಟಿರ್ಲಿಲ್ಲ. ಮರಕ್ಕೆ ಎಮ್ಮೆ ಕಟ್ಟಿದ ಹಾಗೆ ನನ್ನನ್ನು ಕಟ್ಟುವುದಾ?” ಎನ್ನುತ್ತಿದ್ದರು.

ಬೆಲ್ಟ್ ಹಾಕಲೇಬೇಕೆಂದು ಸಾಹೇಬ ಹುಕುಂ ಮಾಡಿದ. ಕಾಕ ಹಾಕಿದರು. ನಮ್ಮ ಕಡೆಯ ಬ್ಯಾರಿ ಹಿರಿಯರು ಲುಂಗಿಯ ಮೇಲೆ ಅಗಲವಾದ ಹಸಿರು ಬೆಲ್ಟು ಕಟ್ಟುತ್ತಾರೆ, ಬೀಡಿ, ಚಿಲ್ಲರೆ, ಮನೆಯ ಬೀಗದಕೈ ಎಲ್ಲ ಅದರಲ್ಲೇ. ಬೆಲ್ಟು ಇರುವುದೇ ಸಾಮಾನು ಇಟ್ಟುಕೊಳ್ಳಲಿಕ್ಕೆ ಎಂಬ ಲೆಕ್ಕದಲ್ಲಿ ಕಾಕ ಕಂಪನಿಯ ಬೆಲ್ಟನ್ನೂ ಸೊಂಟಕ್ಕೆ ಬಿಗಿದು, ಅದರ ಉಕ್ಕಿನ ಹುಕ್ಕಿಗೆ ಚಹಾದ ಫ್ಲಾಸ್ಕನ್ನು ನೇತುಹಾಕಿಕೊಂಡರು. ಮೂರು ಮಾಳಿಗೆ ಎತ್ತರದಲ್ಲಿ ಫ್ಲಾಸ್ಕು ಭದ್ರವಾಗಿತ್ತು, ಕಾಕ ಇರಲಿಲ್ಲ. ಸಾಹೇಬ ಅದನ್ನು ದುರ್ಬೀನಿನಲ್ಲಿ ನೋಡಿದ.

ಆವತ್ತು ಅವನು ನನ್ನ ಮೂಲಕ ಹೇಳಿಸಿದ ಮಾತು ಚಿಕ್ಕದು: ಇನ್ನೊಂದು ಸಲ ಹುಕ್ ಹಾಕದೆ ಕಂಡರೆ ಎಕ್ಸಿಟ್, ಅಂದರೆ ಇಲ್ಲಿ ಇರಲು ಕೊಟ್ಟ ಪರವಾನಗಿ, ಇಕಾಮಾ, ರದ್ದು ಮಾಡಿ ಊರಿಗೆ. ಆ ಒಂದು ಮಾತನ್ನು ಮಾತ್ರ ನಾನು ಬೆಳೆಸದೆ ಹೇಳಿದೆ. ಕಾಕನ ಮನೆಯ ಗೋಡೆ ಎದ್ದಿತ್ತು, ಮೇಲೆ ಹೆಂಚಿನ ಮಾಡು ಆಗಿರಲಿಲ್ಲ. ಮಾಡು ಆಗುವ ತನಕ ಅವರು ಖಫ್ಜಿಯಲ್ಲಿ ಇರಲೇಬೇಕಿತ್ತು, ಅದು ಇಡೀ ಕ್ಯಾಂಪಿಗೆ ಗೊತ್ತಿದ್ದ ವಿಷಯ. ಅಡುಗೆಯವರಿಂದ ಹಿಡಿದು ಎಲ್ಲರೂ ಅವರ ಕೈಕಾಲು ಹಿಡಿದು ಹೇಳಿದೆವು. ಕಾಕ ಎಲ್ಲರಿಗೂ ಹೂಂ ಎಂದರು, ಹುಕ್ಕಿಗೆ ಫ್ಲಾಸ್ಕೇ ಗತಿಯಾಯಿತು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ಹಟದ ಮನುಷ್ಯನನ್ನು ಇಷ್ಟು ಪ್ರೀತಿಸಬೇಕಾದ ಕರ್ಮ ನಮಗೆ ಯಾಕೆ ಎಂದು ಅನಿಸುತ್ತಿತ್ತು.

ಹೀಗಿರುವಾಗ ಸಾಹೇಬ ಒಂದು ದಿನ ಸುದ್ದಿ ತಂದ. ಮುಂದಿನ ಚಿತ್ರದ ಶೂಟಿಂಗ್ ನಮ್ಮ ಕ್ಯಾಂಪಿನಲ್ಲೇ. ಆ ನಟ ಬರುತ್ತಾನೆ.

ಹಬ್ಬಕ್ಕೂ ನಮ್ಮ ಕ್ಯಾಂಟೀನು ಅಷ್ಟು ತೊಳೆದದ್ದಿಲ್ಲ. ಅವನು ಜೀಪಿನಿಂದ ಇಳಿದಾಗ ಜನ ಸಾಲಾಗಿ ನಿಂತಿದ್ದರು. ಬೆಡ್‌ಶೀಟಿನ ಮೇಲೆ ಕಂಡದ್ದಕ್ಕಿಂತ ವಯಸ್ಸಾಗಿತ್ತು, ಬಲಗಾಲು ಸ್ವಲ್ಪ ಎಳೆಯುತ್ತಿದ್ದ. ಕೈಕುಲುಕಿದ ಪ್ರತಿಯೊಬ್ಬರೂ ಅವನ ಕೈ ಬಿಡದೆ ಮಗುಚಿ ನೋಡುತ್ತಿದ್ದರು. ಸೌದಿಯ ಪದ್ಧತಿಯೇ ಹೀಗೆಂದುಕೊಂಡ ಆ ಮಹರಾಯ ಆಮೇಲೆ ತಾನೇ ಕೈ ಮಗುಚಿ ಮಗುಚಿ ಕೊಡತೊಡಗಿದ. ಬೆರಳುಗಳ ವಿಷಯ ನಾನು ವಿವರಿಸಿದ ಮೇಲೆ ಅವನು ನಕ್ಕ ನಗೆ ಕ್ಯಾಂಟೀನಿನ ಆಚೆಗೂ ಕೇಳಿಸಿತು.

ಊಟಕ್ಕೆ ಅಂಜಲ್ ಮೀನಿನ ಫ್ರೈ ಮಾಡಿದ್ದರು. ಮುಳ್ಳು ತೆಗೆಯುವುದನ್ನು ಕಾಕನೇ ಪಕ್ಕದಲ್ಲಿ ಕೂತು ತೋರಿಸಿಕೊಟ್ಟರು. ತಿನ್ನುತ್ತಾ ಅವನು ತನ್ನ ಕತೆ ಹೇಳಿದ, ನಾನು ಅರ್ಥ ಹೇಳಿದೆ. ಹಳ್ಳಿಯ ಹುಡುಗ, ಕುದುರೆ ಸವಾರಿ ಗೊತ್ತಿದ್ದರಿಂದ ಸಿನಿಮಾದವರು ಕರೆದುಕೊಂಡರಂತೆ. ಆದರೆ ಅವರಿಗೆ ಬೇಕಾದದ್ದು ಕುದುರೆ ಏರುವವನಲ್ಲ, ಬೀಳುವವನು. ವರ್ಷಗಟ್ಟಲೆ ಕುದುರೆಯಿಂದ, ಮಾಳಿಗೆಯಿಂದ, ರೈಲಿನಿಂದ ಬಿದ್ದ. ಮೊದಲ ಗುಂಡಿಗೇ ಸಾಯುವವನ ಪಾತ್ರ ಯಾವಾಗಲೂ ಇವನಿಗೇ. ಒಂದೇ ಒಂದು ಚಿತ್ರದಲ್ಲಿ ಮಾತು ಸಿಕ್ಕಿತಂತೆ: “ಅವರು ಬರುತ್ತಿದ್ದಾರೆ.” ಅಷ್ಟು ಹೇಳಿದ ಕೂಡಲೇ ಬಾಣ ಬಡಿಯಬೇಕು. ಅವನ ತಾಯಿ ಅದನ್ನು ನೋಡಲೆಂದೇ ಬಸ್ಸು ಹಿಡಿದು ಪೇಟೆಯ ಟಾಕೀಸಿಗೆ ಹೋದರು. ಕೈಚೀಲ ಕೆಳಗೆ ಬಿತ್ತು ಎಂದು ಬಗ್ಗಿ ಏಳುವುದರೊಳಗೆ ಮಗ ಸತ್ತಾಗಿತ್ತು.

“ಅಮ್ಮ ಇನ್ನೊಂದು ಆಟಕ್ಕೆ ಕೂತ್ಕೊಳ್ಳಲಿಲ್ವಾ?” ಎಂದು ಕಾಕ ಕೇಳಿದರು.

“ಕೂತರು. ಆಗ ನಿದ್ದೆ ಬಂದಿತು,” ಎಂದ ಅವನು.

ಮೊಣಕಾಲು ಕೆಟ್ಟ ಮೇಲೆ ದೊಡ್ಡ ಸಿನಿಮಾದವರು ಬಿಟ್ಟರು, ಸೇಫ್ಟಿ ಚಿತ್ರದವರು ಹಿಡಿದುಕೊಂಡರು. ಇಷ್ಟು ವರ್ಷ ನಟಿಸಿದರೂ ತನ್ನ ಬೀದಿಯಲ್ಲಿ ಕೂದಲು ಕತ್ತರಿಸುವವನಿಗೂ ತಾನು ನಟ ಎಂದು ಗೊತ್ತಿಲ್ಲ, ಇಲ್ಲಿ ಮರಳುಗಾಡಿನಲ್ಲಿ ಇವರೆಲ್ಲ ತನ್ನನ್ನು ಹೇಗೆ ಬಲ್ಲರು ಎಂದು ಕೇಳಿದ. ನನ್ನ ವಿವರಣೆಯಿಂದ ಎಂದು ಹೇಳಲು ನಾನು ಗಂಟಲು ಸರಿಮಾಡಿಕೊಂಡೆ. ಕಾಕ ಬಿಡಲಿಲ್ಲ.

“ಗೊತ್ತಿಲ್ಲದೆ ಎಂತ? ಇವರಿಗೆ ಎಲ್ಲೆಲ್ಲಿ ಪೆಟ್ಟಾಗಿದೆ ಅಂತ ನಮಗೆಲ್ಲ ಗೊತ್ತುಂಟು ಅಂತ ಹೇಳಿ.”

ಹೇಳಿದೆ. ಅವನು ತಟ್ಟೆ ನೋಡಿದ. ಆಮೇಲೆ ಮೀನು ಖಾರ ಎಂದು ಕಣ್ಣೊರೆಸಿಕೊಂಡ. ಅವನ ತುಂಡಿಗೆ ಅಡುಗೆಯವರು ಮೆಣಸನ್ನೇ ಹಾಕಿರಲಿಲ್ಲ.

ಮರುದಿನ ಶೂಟಿಂಗ್. ಕಾಕನ ತಂಡ ಎರಡಾಳು ಎತ್ತರದ ಅಟ್ಟಳಿಗೆ ಕಟ್ಟಿತ್ತು, ಕೆಳಗೆ ದಪ್ಪ ಹಾಸಿಗೆ. ನಟ ಹುಕ್ ಹಾಕದೆ ಮೇಲೆ ಕೆಲಸ ಮಾಡಬೇಕು, ಕಾಲು ಜಾರಬೇಕು, ಬೀಳಬೇಕು. ಹಲಗೆ ಹಿಡಿದು ಕಾಕನೂ ಮೇಲೇ ನಿಂತಿದ್ದರು. ಕ್ಯಾಮೆರಾದವನು ಸನ್ನೆ ಮಾಡಿದ. ನಟ ಒಂದು ಹೆಜ್ಜೆ ಇಟ್ಟ. ಕಾಕ ಬಗ್ಗಿ ಅವನ ಬೆಲ್ಟಿನ ಹುಕ್ಕನ್ನು ಕೊಳವೆಗೆ ಸಿಕ್ಕಿಸಿಬಿಟ್ಟರು.

ಕ್ಯಾಮೆರಾದವನು ಬೈದ. ಹುಕ್ ಬಿಚ್ಚಿಸಿ ಮತ್ತೆ ಶುರುಮಾಡಿದ. ಕಾಕ ಮತ್ತೆ ಸಿಕ್ಕಿಸಿದರು. ನಾನು ಕೆಳಗಿನಿಂದ, “ಕಾಕ, ಹಾಸಿಗೆ ಉಂಟು, ಅವರು ಬೀಳಲೇಬೇಕು, ಅದೇ ಕತೆ” ಎಂದೆ.

“ಕತೆ ನೀವು ಬೇರೆ ಹೇಳಿ. ನಿಮಗೆಂತ ಕಷ್ಟ? ಬೀಳಲಿಕ್ಕೆ ನಾನು ಬಿಡುವುದಿಲ್ಲ. ಆ ಕಾಲು ನೋಡಿದ್ರಾ ನೀವು?”

ಅಷ್ಟರಲ್ಲಿ ಸಾಹೇಬ ಅಟ್ಟಳಿಗೆಯ ಬುಡಕ್ಕೆ ಬಂದ. ಅವನ ಕಣ್ಣು ನಟನ ಮೇಲಿರಲಿಲ್ಲ, ಕಾಕನ ಸೊಂಟದ ಮೇಲಿತ್ತು. ಅಲ್ಲಿ ಹುಕ್ಕಿನಲ್ಲಿ ಫ್ಲಾಸ್ಕು ತೂಗುತ್ತಿತ್ತು. ಉಳ್ಳಾಲದ ಮಾಡು ಇಲ್ಲದ ಮನೆ ಕಣ್ಣ ಮುಂದೆ ಬಂತು.

“ಅವನದೇ ಹುಕ್ ಎಲ್ಲಿ, ಕೇಳು,” ಎಂದ ಸಾಹೇಬ.

ಕೇಳಿದೆ. ಕಾಕ ಒಂದಿಷ್ಟೂ ಅಳುಕದೆ ಹೇಳಿದರು: “ನನಗೆ ಬೀಳುವ ಹಣೆಬರಹ ಇಲ್ಲ. ಇವರಿಗೆ ಉಂಟು. ನಾವೆಲ್ಲ ನೋಡಿಲ್ವಾ?”

ಇದನ್ನು ಇಂಗ್ಲಿಷಿಗೆ ಹೇಗೆ ತರಲಿ ಎಂದು ಒದ್ದಾಡಿ ಕೊನೆಗೆ ಇದ್ದ ಹಾಗೆಯೇ ಹೇಳಿದೆ. ಸಾಹೇಬನ ಮುಖ ಕೆಂಪಾಯಿತು. ಆದರೆ ಮೇಲಿದ್ದ ನಟ ಅವನಿಗಿಂತ ಮೊದಲು ಮಾತಾಡಿದ. ತನ್ನ ಹುಕ್ಕಿನ ಮೇಲೆ ಕೈಯಿಟ್ಟು, ಕಾಕನನ್ನೇ ನೋಡುತ್ತಾ ಹೇಳಿದ: ಇವರು ಹಾಕಿಕೊಂಡರೆ ನಾನೂ ಹಾಕಿಕೊಳ್ಳುತ್ತೇನೆ. ಇವರು ಹಾಕದಿದ್ದರೆ ನಾನು ಬಿಚ್ಚುತ್ತೇನೆ, ಬೀಳುತ್ತೇನೆ.

ನಾನು ಅರ್ಥ ಹೇಳಿದೆ. ಕಾಕ ಯೋಚಿಸಿದರು. ನಟ ಹುಕ್ಕನ್ನು ಅರ್ಧ ಬಿಚ್ಚಿದ. ಅವನ ಜೀವಮಾನದಲ್ಲೇ ಅಷ್ಟು ಒಳ್ಳೆಯ ನಟನೆ ಮಾಡಿರಲಾರ.

“ಎಂತ ಹಟ ಮಾರಾಯ ಈ ಮನುಷ್ಯನಿಗೆ,” ಎಂದರು ಕಾಕ. ಈ ಮಾತು ಅವರ ಬಾಯಿಂದ ಬಂದದ್ದು ಕೇಳಿ ಕೆಳಗೆ ನಿಂತ ಅಡುಗೆಯವರು ಕೆಮ್ಮಿದರು. ಕಾಕ ಫ್ಲಾಸ್ಕು ತೆಗೆದು, ಬಗ್ಗಿ ಕೆಳಗಿದ್ದ ನನ್ನ ಕೈಗೆ ಬಿಟ್ಟು, ತಮ್ಮ ಹುಕ್ಕನ್ನು ಕೊಳವೆಗೆ ಸಿಕ್ಕಿಸಿದರು. ಟಕ್ ಎಂದ ಆ ಸದ್ದು ನಾವೆಲ್ಲ ಕೇಳಿದೆವು.

“ಈಗ ಬೀಳುವವರು ಯಾರು?” ಎಂದು ಕ್ಯಾಮೆರಾದವನು ತಲೆ ಚಚ್ಚಿಕೊಂಡ.

“ಇವತ್ತು ಯಾರೂ ಬೀಳುವುದಿಲ್ಲ. ಇದನ್ನೇ ತೆಗಿ,” ಎಂದ ಸಾಹೇಬ. ಆಮೇಲೆ ನನ್ನ ಕಡೆ ತಿರುಗಿ, “ಆ ಫ್ಲಾಸ್ಕು ಇನ್ನು ನಿನ್ನ ಹತ್ತಿರವೇ ಇರಲಿ” ಎಂದ. ಕಾಕ ಉಳಿದರು. ಅಂದಿನಿಂದ ಅಟ್ಟಳಿಗೆಯ ಬುಡಕ್ಕೆ ಚಹಾ ಹೊರುವ ಕೆಲಸ ನನ್ನ ತಲೆಗೆ ಬಂತು. ಕಾಕ ಪ್ರತಿದಿನ ಹುಕ್ ಹಾಕಿದರು, ಆ ನಟನಿಗೆ ಮಾತು ಕೊಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ.

ಕೆಲವು ತಿಂಗಳ ನಂತರ ಆ ಚಿತ್ರ ಬಂತು. ಕ್ಯಾಂಟೀನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಡ್‌ಶೀಟಿನ ಮೇಲೆ ಇಬ್ಬರು ಹಿರಿಯರು ಏಣಿ ಹತ್ತಿದರು, ಹುಕ್ ಹಾಕಿದರು, ಕೆಲಸ ಮಾಡಿದರು. ಸರಿಯಾಗಿ ಆಗ ಬಾಂಗ್ ಕೇಳಿಸಿತು, ಅವರನ್ನು ಮೇಲೆಯೇ ಬಿಟ್ಟು ಎಲ್ಲರೂ ನಮಾಜಿಗೆ ಹೋಗಿ ಬಂದರು. ಮತ್ತೆ ಹಾಕಿದೆ. ಇಬ್ಬರೂ ಇಳಿದರು. ನಟ ಹೆಲ್ಮೆಟ್ ತೆಗೆದು, ಬುತ್ತಿಯ ಡಬ್ಬ ಕೈಯಲ್ಲಿ ಹಿಡಿದು, ಕಾಲೆಳೆಯುತ್ತಾ ಗೇಟಿನ ಕಡೆಗೆ ನಡೆದ. ಆಂಬುಲೆನ್ಸ್ ಬರಲಿಲ್ಲ.

“ಇದರಲ್ಲಿ ಎಂತ ಆಯ್ತು?” ಎಂದು ಹಿಂದಿನ ಸಾಲಿನವರು ಗೊಣಗಿದರು. ಇಷ್ಟು ಸಪ್ಪೆ ಚಿತ್ರ ಅವನು ಮಾಡಿದ್ದೇ ಇಲ್ಲ ಎಂದು ಎಲ್ಲರದೂ ಒಂದೇ ತೀರ್ಪು. ತಾವೇ ಬೆಡ್‌ಶೀಟಿನ ಮೇಲಿದ್ದರೂ ಕಾಕ ತಮ್ಮನ್ನು ನೋಡಿಕೊಂಡ ಹಾಗೆ ಕಾಣಲಿಲ್ಲ.

“ಪೊರ್ಬುಗಳೇ, ಈಗ ಅವ ಎಲ್ಲಿಗೆ ಹೋಗುವುದು?”

“ಮನೆಗೆ, ಕಾಕ.”



ಮಾಡು ಆಯಿತೆಂದು ಊರಿನಿಂದ ಸುದ್ದಿ ಬಂದ ವರ್ಷ ಕಾಕ ಕೆಲಸ ಬಿಟ್ಟರು. ಹೊರಡುವ ಹಿಂದಿನ ದಿನ ಊಟದ ನಂತರ, ಹಸಿರು ಬೆಲ್ಟು ಬಿಗಿದುಕೊಂಡು ಕ್ಯಾಂಟೀನಿಗೆ ಬಂದು ಖಾಲಿ ಬೆಂಚಿನ ಮೇಲೆ ಕೂತರು.

“ಬೇರೆಂತ ಬೇಡ. ಅವ ಮನೆಗೆ ಹೋಗುವುದು ಮಾತ್ರ ಹಾಕಿ,” ಎಂದರು.

ಬೆಡ್‌ಶೀಟು ಕಟ್ಟಿ ಹಾಕಿದೆ. ಅವನು ಡಬ್ಬ ಹಿಡಿದು ಗೇಟಿನ ಕಡೆಗೆ ನಡೆದ. ನಾನು ಕಾಕನ ಪಕ್ಕದಲ್ಲಿ ಕೂತೆ, ಅರ್ಥ ಹೇಳಲಿಲ್ಲ.