ವೈರಿಲ್ಲದ ಗರಗಸ

ಕಟ್ಟಡ ಕೆಲಸ ಮಾಡುವ ನಮ್ಮಂಥವರ ನಡುವೆ ಅವಳಿಗೆ ಮೂಲೆ ಅಕ್ಕ ಎಂದೇ ಹೆಸರು. ಗೋಡೆಯ ಬುಡಕ್ಕೆ ಹೊಡೆಯುವ ಮರದ ಪಟ್ಟಿಯಾಗಲಿ, ಬಾಗಿಲ ಸುತ್ತಿನ ಚೌಕಟ್ಟಾಗಲಿ, ಎರಡು ತುಂಡು ಸೇರುವ ಮೂಲೆಯಲ್ಲಿ ಅವಳ ಕೆಲಸವಾದರೆ ಉಗುರು ತೂರಿಸಲೂ ಸಂದು ಸಿಗುತ್ತಿರಲಿಲ್ಲ. ನಾನು ಟೈಲ್ಸ್ ಹಾಕುವವನು. ನನ್ನ ಕೆಲಸ ಮುಗಿದಲ್ಲಿಂದ ಅವಳ ಕೆಲಸ ಶುರು. ಹಾಗಾಗಿ ನನ್ನ ನೆಲ ಎಲ್ಲೆಲ್ಲಿ ಕುಂಟುತ್ತದೆ ಎಂಬುದು ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಬಾಯಿಬಿಟ್ಟು ಹೇಳುವವಳಲ್ಲ. ಪಟ್ಟಿಯ ತಳವನ್ನು ಅಷ್ಟೇ ಕೆತ್ತಿ ನನ್ನ ಮಾನ ಮುಚ್ಚುತ್ತಿದ್ದಳು. ಇಂಥವಳು ಒಂದು ಹಗೆಯನ್ನು ವರ್ಷಗಟ್ಟಲೆ ಸಾಕಿದಳು ಎಂದರೆ ನಂಬುವುದು ಕಷ್ಟ. ಆದರೆ ನಾನು ಕಣ್ಣಾರೆ ಕಂಡವನು.

ಗಂಡ ತೀರಿಕೊಂಡಾಗ ಅವಳಿಗೆ ಇಪ್ಪತ್ತಾರು. ಅಣ್ಣನದೊಂದು ಮರಗೆಲಸದ ವರ್ಕ್‌ಶಾಪ್ ಇತ್ತು. ಮೊದಮೊದಲು ಹೊಟ್ಟು ಗುಡಿಸಲು ಹೋದಳು, ನಿಜ. ಆಮೇಲೆ ಅಳತೆ ಹಿಡಿಯಲು, ಆಮೇಲೆ ಗುರುತು ಹಾಕಲು. ಮೂರನೇ ವರ್ಷಕ್ಕೆ ಮೂಲೆ ಕತ್ತರಿಸುವ ಮಷೀನು, ನಾವು ಮೈಟರ್ ಸಾ ಎನ್ನುತ್ತೇವಲ್ಲ, ಪೂರ್ತಿ ಅವಳ ಕೈಗೆ ಬಂತು. ಅಣ್ಣನಿಗೆ ಮಾತು ಚೆನ್ನಾಗಿ ಬರುತ್ತಿತ್ತು, ಗಿರಾಕಿ ಹಿಡಿಯುತ್ತಿದ್ದ. ಕೋನ ಮಾತ್ರ ಅವನಿಗೆ ಒಲಿಯಲಿಲ್ಲ. ಹಾಗೆ ಹತ್ತೊಂಬತ್ತು ವರ್ಷ ನಡೆಯಿತು.

ಒಂದು ದಿನ ಗಿರಾಕಿ ದಂಪತಿ ತಮ್ಮ ಪುಸ್ತಕದ ಬೀರು ನೋಡಲು ಬಂದರು. ಗೋಡೆಯಗಲದ ಬೀರು. ಹದಿನೆಂಟು ಖಾನೆ, ಎಪ್ಪತ್ತೆರಡು ಮೂಲೆ, ಎಲ್ಲವೂ ಅವಳ ಕೈಯವು. ಆ ಹೆಂಗಸು ಒಂದು ಮೂಲೆಯ ಮೇಲೆ ಬೆರಳಾಡಿಸಿ, "ಅಬ್ಬಾ, ಯಾರು ಮಾಡಿದ್ದು ಇದನ್ನ?" ಎಂದಳು.

"ನಾನೇ," ಎಂದ ಅಣ್ಣ. "ಇವಳು ನನ್ನ ತಂಗಿ. ಪಾಪ, ಒಬ್ಬಳೇ. ಹೊಟ್ಟು ಗುಡಿಸೋಕೆ ಬರ್ತಾಳೆ."

ಅವರು ಹೋದ ಮೇಲೆ ಅಕ್ಕ ಮಷೀನು ಹಚ್ಚಿ ಮುಂದಿನ ತುಂಡು ಕತ್ತರಿಸುತ್ತಲೇ ಕೇಳಿದಳು, "ಅಣ್ಣಾ, ಬೋರ್ಡಿನ ಮೇಲೆ ನನ್ನ ಹೆಸರೂ ಬರೆಸ್ತೀಯಾ?"

ಅಣ್ಣ ನಕ್ಕ. ಅವಳು ಮತ್ತೊಮ್ಮೆ ಕೇಳಿದಳು. ಅವನು ಗೋಡೆಯ ಬಳಿ ಹೋಗಿ ಪ್ಲಗ್ ಕಿತ್ತ. ಬ್ಲೇಡು ಮರದ ನಡುವೆಯೇ ಸಿಕ್ಕಿಕೊಂಡು ನಿಂತಿತು. ವೈರನ್ನು ಮೊಣಕೈಗೆ ಸುತ್ತಿಕೊಳ್ಳುತ್ತ ಅವನು ಹೇಳಿದ: "ಮಷೀನು ನಂದು, ವೈರ್ ನಂದು, ಕರೆಂಟ್ ನಂದು. ನಿಂದು ಅಂತ ಏನಿದೆ ಇಲ್ಲಿ?"

ಇಬ್ಬರು ಕೆಲಸದವರು ಅಲ್ಲೇ ಇದ್ದರು. ಒಬ್ಬ ಮೊಳೆ ಹುಡುಕುವವನ ಹಾಗೆ ಬಗ್ಗಿದ. ಅಕ್ಕ ಕಿವಿಯ ಮೇಲಿಟ್ಟಿದ್ದ ಪೆನ್ಸಿಲ್ ತೆಗೆದು ನೋಡಿದಳು. ಅದು ಅವಳದೇ. ಅದನ್ನು ಮತ್ತೆ ಕಿವಿಗೇರಿಸಿ, ಚಪ್ಪಲಿ ಮೆಟ್ಟಿ ಹೊರಟಳು.

ಮಾರನೇ ದಿನ ಬೆಳಗ್ಗೆ ಸಾಮಾನಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದಳು. ಆ ಅಂಗಡಿಯ ಯಜಮಾನ ಮುದುಕ, ಒಂದು ಕಾಲದಲ್ಲಿ ತಾನೂ ಬಡಗಿ, ಎಡಗೈಯ ಒಂದು ಬೆರಳು ಮೊಟಕು. ಮಾರುವ ಆತುರವಿಲ್ಲದ ಮನುಷ್ಯ.

"ಮೈಟರ್ ಸಾ ಬೇಕು. ವೈರಿಲ್ಲದ್ದು."

"ಎಲ್ಲಿ ಕೆಲಸಮ್ಮಾ? ಒಂದೇ ಕಡೆನಾ, ಸೈಟ್‌ನಿಂದ ಸೈಟ್‌ಗಾ?"

"ಇನ್ನೂ ಗೊತ್ತಿಲ್ಲ."

"ಯಾವ ಮರ? ದಿನಕ್ಕೆ ಎಷ್ಟು ಕಟಿಂಗು?"

"ಅದೂ ಗೊತ್ತಿಲ್ಲ. ವೈರ್ ಇರಬಾರದು, ಅಷ್ಟೇ."

ಮುದುಕ ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದ. ಎರಡು ಮಷೀನು ಹೊರಗೆಳೆದು ಬೆಂಚಿನ ಮೇಲಿಟ್ಟ. ಒಂದು ವೈರಿನದು, ಎತ್ತಲು ಸೊಂಟ ಗಟ್ಟಿ ಇರಬೇಕು. ಇನ್ನೊಂದು ಬ್ಯಾಟರಿಯದು, ಬ್ಲೇಡು ಚಿಕ್ಕದು, ಒಂದು ಕೈಯಲ್ಲಿ ಎತ್ತಬಹುದು. ಮೆದು ಮರದ ಪಟ್ಟಿ ಕೊಟ್ಟ. ಎರಡೂ ಬೆಣ್ಣೆಯ ಹಾಗೆ ಕತ್ತರಿಸಿದವು. ಆಮೇಲೆ ಅಂಗೈಯಗಲದ ಗಟ್ಟಿ ಮರದ ತುಂಡು ಕೊಟ್ಟ. ವೈರಿನದು ಒಂದೇ ಉಸಿರಿಗೆ ಇಳಿಯಿತು. ಬ್ಯಾಟರಿಯದು ಅರ್ಧಕ್ಕೆ ಬಂದು ಏದುಸಿರು ಬಿಟ್ಟು, ನಿಧಾನಕ್ಕೆ ದಡ ಮುಟ್ಟಿತು.

"ನೋಡಿದ್ರಲ್ಲ," ಎಂದ ಮುದುಕ. "ಇದು ಎಲ್ಲಿಗೆ ಬೇಕಾದ್ರೂ ಬರತ್ತೆ, ಆದ್ರೆ ಸುಸ್ತಾಗತ್ತೆ. ಅದು ಸುಸ್ತಾಗಲ್ಲ, ಆದ್ರೆ ಕಟ್ಟಿಹಾಕಿದ ಎತ್ತು. ಇದರ ಬ್ಯಾಟರಿನೂ ತಾನಾಗೇ ತುಂಬಲ್ಲ, ಅದಕ್ಕೂ ಕರೆಂಟೇ ಬೇಕು."

"ಆ ಕರೆಂಟು ನನ್ನ ಮನೇದು."

ಮುದುಕನಿಗೆ ಏನೋ ಅರ್ಥವಾಯಿತು. "ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲಮ್ಮಾ. ವೈರ್ ಬೇಡ ಅಂತೀರಿ, ವೈರ ಮಾತ್ರ ಬಿಡೋ ಹಾಗೆ ಕಾಣಲ್ಲ."

ಅವಳು ನಗಲಿಲ್ಲ. ಎರಡು ಬ್ಯಾಟರಿ ಸಮೇತ ಆ ಸಣ್ಣ ಮಷೀನನ್ನು ಕಟ್ಟಿಸಿಕೊಂಡು ಬಂದಳು.

ಒಂದಷ್ಟು ತಿಂಗಳು ಸಣ್ಣಪುಟ್ಟ ಕೆಲಸ: ಒಬ್ಬರ ಕಿಟಕಿ, ಇನ್ನೊಬ್ಬರ ಕನ್ನಡಿಯ ಚೌಕಟ್ಟು. ಆಮೇಲೆ ಬಂದದ್ದೇ ಆ ಹಾಸ್ಟೆಲ್ ಕಟ್ಟಡ. ನಾಲ್ಕು ಮಹಡಿ, ನೂರಾರು ಕೋಣೆ. ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರಮ್ಮ ಬಲು ಖಡಕ್ಕು. ಕೆಳಗಿನ ಎರಡು ಮಹಡಿ ಅಕ್ಕನ ಅಣ್ಣನಿಗೆ ಹೋಗಿತ್ತು. ಮೇಲಿನ ಎರಡಕ್ಕೆ ಬೇರೆ ಬಡಗಿ ಹುಡುಕುತ್ತಿದ್ದಾರೆ ಎಂದು ಅಕ್ಕನಿಗೆ ಹೇಳಿದವನು ನಾನು. ಕೆಳಗೆ ಯಾರಿದ್ದಾರೆ ಎಂದೂ ಹೇಳಿದೆ. ಅವಳು ಬರಲಾರಳು ಎಂದುಕೊಂಡಿದ್ದೆ. ಅದನ್ನು ಕೇಳಿಯೇ ಬಂದಳು.

ಆ ಕಟ್ಟಡಕ್ಕೆ ಇದ್ದದ್ದು ಒಂದೇ ತಾತ್ಕಾಲಿಕ ಕರೆಂಟ್ ಲೈನು. ನನ್ನ ಟೈಲ್ಸ್ ಕಟರ್ ಮತ್ತು ಅವಳ ಅಣ್ಣನ ಮಷೀನು ಒಟ್ಟಿಗೆ ಹಚ್ಚಿದರೆ ಸಾಕು, ಟಪ್ ಎಂದು ಟ್ರಿಪ್ ಆಗುತ್ತಿತ್ತು. ಅವನ ಕೆಲಸದವರು ನೀರಾವರಿ ಪೈಪಿನ ಹಾಗೆ ಉದ್ದುದ್ದ ವೈರು ಎಳೆದುಕೊಂಡು ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದರು. ಕೊನೆಗೆ ಬೇಸತ್ತು ಮಷೀನನ್ನು ಒಂದೇ ಕಡೆ ಇಟ್ಟು, ಅಳತೆ ಬರೆದುಕೊಂಡು ಓಡಿಬಂದು ಕತ್ತರಿಸತೊಡಗಿದರು. ಗೋಡೆಗಳು ಎಲ್ಲಿಯೂ ಸರಿಯಾದ ಮೂಲೆಮಟ್ಟಕ್ಕೆ ಕೂಡಿರುವುದಿಲ್ಲ. ಒಯ್ದು ಇಟ್ಟರೆ ಸಂದು ಬಾಯಿಬಿಡುತ್ತಿತ್ತು, ಮತ್ತೆ ಓಡಿಬರಬೇಕು. "ಗೋಡೆನೇ ಸರಿ ಇಲ್ಲ," ಎನ್ನುತ್ತಿದ್ದ ಅಣ್ಣ. ಕುಣಿಯಲಾರದವನಿಗೆ ನೆಲ ಡೊಂಕು.

ಅಕ್ಕ ಮೇಲೆ ಪ್ರತಿ ಕೋಣೆಗೂ ಮಷೀನನ್ನೇ ಕಂಕುಳಲ್ಲಿ ಎತ್ತಿಕೊಂಡು ಹೋಗಿ, ಆ ಗೋಡೆ ಕೇಳಿದ ಕೋನಕ್ಕೆ ತಿರುಗಿಸಿ, ಅಲ್ಲೇ ಕತ್ತರಿಸಿ, ಅಲ್ಲೇ ಕೂಡಿಸಿ ಮುಂದೆ ಹೋಗುತ್ತಿದ್ದಳು. ಅವನು ನಾಲ್ಕು ಕೋಣೆ ಮುಗಿಸುವಷ್ಟರಲ್ಲಿ ಅವಳದು ಒಂಬತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಅದು ಬರೀ ಕೆಲಸವಾಗುತ್ತಿತ್ತು. ಆದರೆ ಕರೆಂಟು ಹೋದ ಕೂಡಲೇ, ಕೆಳಗೆ ಎಲ್ಲ ಸದ್ದಡಗಿ ಅಣ್ಣ ಕೈಕಟ್ಟಿ ಕೂತ ಕೂಡಲೇ, ಮೇಲಿನಿಂದ ಅವಳ ಗರಗಸದ ಸದ್ದು ಶುರುವಾಗುತ್ತಿತ್ತು. ಝುಯ್ಯ್. ತುಸು ಬಿಟ್ಟು ಮತ್ತೆ ಝುಯ್ಯ್. ಒಮ್ಮೆ ನೀರು ಕೇಳಲು ಮೇಲೆ ಹೋದವನು ನೋಡುತ್ತೇನೆ, ಅಕ್ಕ ಮೆಟ್ಟಿಲ ಬಾಯಲ್ಲಿ ಮಷೀನಿಟ್ಟುಕೊಂಡು, ಬಿಸಾಡಬೇಕಾದ ಚೂರುಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದಾಳೆ.

"ಏನಕ್ಕಾ ಇದು?"

"ಅವನಿಗೆ ಕೇಳಿಸಲಿ ಅಂತ," ಎಂದಳು. ಮುಖದಲ್ಲಿ ನಾಚಿಕೆಯೂ ಇಲ್ಲ, ನಗುವೂ ಇಲ್ಲ.

ಇದರ ಫಲವೂ ಸಿಕ್ಕಿತು. ಒಂದು ದಿನ ಮಧ್ಯಾಹ್ನದ ಹೊತ್ತಿಗೇ ಎರಡೂ ಬ್ಯಾಟರಿ ಖಾಲಿ. ಕರೆಂಟು ಸಂಜೆಯವರೆಗೂ ಬರಲಿಲ್ಲ. ಆ ದಿನ ಅವಳೂ ಕೈಕಟ್ಟಿ ಕೂತಳು. "ಹಠಕ್ಕೂ ಚಾರ್ಜ್ ಮುಗಿಯತ್ತೆ ಕಣೋ," ಎಂದಳು ನನ್ನ ಬಳಿ. ಮಾರನೇ ದಿನದಿಂದ ಚೂರು ಕತ್ತರಿಸುವುದನ್ನು ನಿಲ್ಲಿಸಲಿಲ್ಲ, ಕಡಿಮೆ ಮಾಡಿದಳು.

ಕೊನೆಗೆ ಉಳಿದದ್ದು ಮೆಟ್ಟಿಲಿನ ರೇಲಿಂಗು. ದಪ್ಪನೆಯ ಗಟ್ಟಿ ಮರ, ಅಳತೆ ಕೊಟ್ಟು ದೂರದಿಂದ ತರಿಸಿದ್ದು. ಮೆಟ್ಟಿಲು ತಿರುಗುವ ಕಡೆಯೆಲ್ಲ ಗರಗಸವನ್ನು ಪಕ್ಕಕ್ಕೂ ವಾಲಿಸಬೇಕು, ಅಡ್ಡಕ್ಕೂ ತಿರುಗಿಸಬೇಕು. ಕೂದಲೆಳೆ ತಪ್ಪಿದರೆ ಮರ ಹಾಳು. ಆ ಕೆಲಸ ಅಣ್ಣನಿಗೆ ಹೋಗಿತ್ತು. ಮೂರು ಉದ್ದನೆಯ ತುಂಡು ಕೆಡಿಸಿದ. ಇಂಜಿನಿಯರಮ್ಮ ಉಳಿದ ಮರಕ್ಕೆ ಬೀಗ ಹಾಕಿಸಿ ಅಕ್ಕನನ್ನು ಕರೆದಳು.

ಅಕ್ಕ ಕೆಟ್ಟುಹೋದ ತುಂಡೊಂದರ ಮೇಲೆ ತನ್ನ ಮಷೀನು ಇಳಿಸಿ ನೋಡಿದಳು. ಹಲ್ಲಿಲ್ಲದವನು ಕಡಲೆ ಅಗಿದ ಹಾಗಾಯಿತು. ಕತ್ತರಿಸಿದ ಮುಖ ಸುಟ್ಟು ಕಪ್ಪಾಯಿತು, ಬ್ಲೇಡು ಓರೆಯಾಗಿ ಇಳಿಯಿತು. "ಇದರ ಕೈಲಾಗಲ್ಲ," ಎಂದು ಅವಳೇ ಹೇಳಿದಳು. ಯೋಗ್ಯ ಮಷೀನು ಇದ್ದವನಿಗೆ ಕೈ ಇಲ್ಲ, ಕೈ ಇದ್ದವಳಿಗೆ ಮಷೀನಿಲ್ಲ.

ಆಗ ಬಂದ ನೋಡಿ ಅಣ್ಣ. ಕೆಲಸದವರ ಕೈಗೆ ಕೊಡದೆ, ತಾನೇ ಆ ಭಾರದ ಮಷೀನು ಹೊತ್ತು ನಾಲ್ಕನೇ ಮಹಡಿಯವರೆಗೆ ಹತ್ತಿ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ಅವಳ ಮುಂದೆ ಇಳಿಸಿ, "ತಗೋ. ಕತ್ತರಿಸಿಕೊಡು," ಎಂದ.

ಊಟ ಮುಗಿಸಿ ಎಲ್ಲರೂ ಅಲ್ಲೇ ಇದ್ದೆವು: ಬಣ್ಣದವರು, ನಲ್ಲಿಯವರು, ಇಂಜಿನಿಯರಮ್ಮ. ಅಕ್ಕ ಕೇಳಿದಳು, "ಯಾಕೆ, ನಿನಗೆ ಬರಲ್ವಾ?"

"ಬರಲ್ಲ."

"ಹತ್ತೊಂಬತ್ತು ವರ್ಷ ನಿನ್ನ ವರ್ಕ್‌ಶಾಪಲ್ಲಿ ಮೂಲೆ ಕತ್ತರಿಸಿದ್ದು ಯಾರು?"

ಅವನು ತಲೆತಗ್ಗಿಸಿ ಏನೋ ಗೊಣಗಿದ.

"ಜೋರಾಗಿ ಹೇಳು. ಆ ಕೊನೇಲಿ ಟೈಲ್ಸ್‌ನವನಿದ್ದಾನೆ, ಅವನಿಗೆ ಕೇಳಿಸಿಲ್ಲ."

ನನಗೆ ಕೇಳಿಸಿತ್ತು.

"ನೀನು," ಎಂದ ಅಣ್ಣ, ಜೋರಾಗಿಯೇ. "ಎಲ್ಲಾ ನೀನೇ ಮಾಡಿದ್ದು. ನಾನು ಸುಳ್ಳು ಹೇಳಿದೆ."

ಮುಗಿಯಿತು, ಇನ್ನು ಒಂದಾಗುತ್ತಾರೆ ಎಂದುಕೊಂಡೆವು. ಇಂಜಿನಿಯರಮ್ಮ ಬೀಗದ ಕೈ ಹೊರಗೆ ತೆಗೆದೂ ಆಗಿತ್ತು. ಅಕ್ಕ ಆ ಮಷೀನಿನ ಹಿಡಿಯ ಮೇಲೆ ಒಂದು ಕ್ಷಣ ಕೈಯಿಟ್ಟಳು. ಅಷ್ಟು ವರ್ಷ ಹಿಡಿದ ಹಿಡಿ, ಅವಳ ಅಂಗೈಗೇ ಸವೆದದ್ದು. ಕೈ ತೆಗೆದಳು.

"ಸರಿ, ಕೇಳಿಸ್ತು. ಇನ್ನು ಕೆಳಗೆ ತಗೊಂಡು ಹೋಗು."

ಅಣ್ಣ ನಂಬದೆ ನಿಂತ. ಕೊನೆಗೆ ಬಗ್ಗಿ, ಮಷೀನೆತ್ತಿ ಹೆಗಲಿಗೇರಿಸಿಕೊಂಡು ಇಳಿದ. ಒಂದೊಂದು ಮಹಡಿಯಲ್ಲೂ ಅವನು ನಿಂತು ಸುಧಾರಿಸಿಕೊಳ್ಳುವುದು ನಮಗೆ ಕೇಳಿಸುತ್ತಿತ್ತು. ಅಕ್ಕ ಕೊನೆಯ ಮೆಟ್ಟಿಲಿನವರೆಗೂ ಕಿವಿಗೊಟ್ಟು ಕೇಳಿದಳು.

"ಹಾಗಾದ್ರೆ ನನ್ನ ರೇಲಿಂಗು?" ಎಂದಳು ಇಂಜಿನಿಯರಮ್ಮ, ಸಿಟ್ಟಿನಿಂದ.

"ಸೋಮವಾರ ಶುರು ಮಾಡ್ತೀನಿ ಮೇಡಂ."

ಅದೇ ಸಂಜೆ ಅಂಗಡಿಗೆ ಹೋದಳು. ಈ ಸಲ ನಾನೂ ಜೊತೆಗಿದ್ದೆ. ಬೇಕಾದದ್ದೇನೆಂದು ಹೇಳಿದಾಗ ಮುದುಕ, "ವೈರಿನದಾ? ಕೋಪ ಇಳೀತಾ ಹಾಗಾದ್ರೆ?" ಎಂದ.

"ಇಲ್ಲ. ಮರ ದಪ್ಪ ಇದೆ."

ಹನ್ನೊಂದು ದಿನದಲ್ಲಿ ರೇಲಿಂಗು ಮುಗಿಸಿದಳು. ನಾನು ನನ್ನ ಕಟರ್ ಬಂದ್ ಮಾಡಿ ಲೈನು ಅವಳಿಗೇ ಬಿಟ್ಟಿದ್ದೆ. ನೆಲಮಹಡಿಯಿಂದ ತುದಿಯವರೆಗೆ ಕಣ್ಣುಮುಚ್ಚಿ ಕೈಯಾಡಿಸಿಕೊಂಡು ಹತ್ತಿದರೂ ಜೋಡಣೆ ಎಲ್ಲಿದೆಯೆಂದು ತಿಳಿಯದು.

ಅದಾದ ವಾರಕ್ಕೆ ಅತ್ತಿಗೆ ಅವಳ ಕೋಣೆಗೆ ಬಂದಳಂತೆ, ಅಣ್ಣನ ಹೆಂಡತಿ. "ಅಷ್ಟು ಜನರ ಮುಂದೆ ಹಾಗೆ ಮಾಡಬಾರದಿತ್ತು. ಮೂರು ದಿನ ಸರಿಯಾಗಿ ಊಟ ಮಾಡಿಲ್ಲ ಅವರು," ಎಂದಳಂತೆ.

"ನಾನು ಮೂರು ದಿನ ಚೆನ್ನಾಗಿ ಊಟ ಮಾಡಿದೆ ಅತ್ತಿಗೆ," ಎಂದು ಅಕ್ಕ ಹೇಳಿದಳು. ಇದನ್ನು ನನಗೆ ಹೇಳಿದ್ದೂ ಅವಳೇ, ಒಂದಿಷ್ಟೂ ಮುಚ್ಚುಮರೆಯಿಲ್ಲದೆ.

ಆಮೇಲೆ ಅವಳದೇ ವರ್ಕ್‌ಶಾಪ್ ಆಯಿತು. ಹಿಂದೆ ಕಾರು ನಿಲ್ಲಿಸುತ್ತಿದ್ದ ಶೆಡ್ಡು. ವೈರಿನ ಮಷೀನು ಅಲ್ಲಿ ಬೆಂಚಿಗೆ ಬೋಲ್ಟು ಹಾಕಿ ಕೂತಿದೆ, ಬ್ಯಾಟರಿಯದು ಸೈಟ್‌ಗಳಿಗೆ ಓಡಾಡುತ್ತದೆ. ಯಾರಾದರೂ ಯಾವುದು ಒಳ್ಳೆಯದು ಎಂದು ಕೇಳಿದರೆ, ಎಲ್ಲಿ ಕೆಲಸ, ಯಾವ ಮರ ಎಂದು ತಾನೇ ತಿರುಗಿ ಕೇಳುತ್ತಾಳೆ. ಅಣ್ಣನೊಂದಿಗೆ ಮಾತಿಲ್ಲ. ಮನೆಯಿಂದ ಶೆಡ್ಡಿಗೆ ಹತ್ತಿರದ ದಾರಿಯಿದ್ದರೂ ಆರು ವರ್ಷ ಅವಳು ಸುತ್ತು ಹಾಕಿ, ಅಣ್ಣನ ವರ್ಕ್‌ಶಾಪಿನ ಮುಂದೆಯೇ ನಡೆದು ಹೋದಳು. ಒಳಗಿರುವವನು ನೋಡಲಿ ಎಂದು.

ಹೋದ ವರ್ಷ ಅಣ್ಣ ವರ್ಕ್‌ಶಾಪ್ ಮುಚ್ಚಿ, ಜಾಗವನ್ನು ಬೈಕ್ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟ. ಬೋರ್ಡು ಇಳಿಸಿದ ಮೇಲೂ ಸುಮಾರು ಹದಿನೈದು ದಿನ ಅಕ್ಕ ಅದೇ ದಾರಿಯಲ್ಲಿ ಹೋದಳು. ರಿಪೇರಿಯವನು ಗಿರಾಕಿ ಎಂದುಕೊಂಡು ಎರಡು ಸಲ ಎದ್ದು ಬಂದನಂತೆ. ಆಮೇಲೊಂದು ಬೆಳಗ್ಗೆ ಅವಳು ಹತ್ತಿರದ ದಾರಿಯಲ್ಲಿ ಬರುವುದನ್ನು ಕಂಡೆ.

"ಏನಕ್ಕಾ, ಇವತ್ತು ಈ ಕಡೆ?"

"ಹತ್ತು ನಿಮಿಷ ಉಳಿಯತ್ತೆ," ಎಂದಳು. ಸ್ವಲ್ಪ ದೂರ ಜೊತೆಗೆ ನಡೆದು, ನಾನು ಹಿಂದಿನ ವಾರ ಹಾಕಿದ ಅಡುಗೆಮನೆ ನೆಲ ಕಿಟಕಿಯ ಹತ್ತಿರ ಎರಡು ನೂಲಿನಷ್ಟು ಎದ್ದಿದೆ ಎಂದಳು. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು.